ಗಾಡಿಯ ಹಳೇ ಸ್ಟಿಕ್ಕರ್ ತೆಗೆಯುವುದು ಹೇಗೆ? ಬಣ್ಣ ಹಾಳಾಗದ ಹಾಗೆ ಒಂದೊಂದೇ ಹಂತ

ಕೊಡಗಿನ ರಸ್ತೆಗಳಲ್ಲಿ ಸ್ಟಿಕ್ಕರ್ ಇಲ್ಲದ ಜೀಪು ಸಿಗುವುದು ಅಪರೂಪ. ಹಿಂದಿನ ಗಾಜಿನ ಮೇಲೆ ಮನೆತನದ ಹೆಸರು, ಬಾಗಿಲ ಮೇಲೆ ಕೊಡವರ ಸಾಂಪ್ರದಾಯಿಕ ಆಯುಧಗಳಾದ ಒಡಿಕತ್ತಿ, ಪೀಚೆಕತ್ತಿ, ಬಾನೆಟ್ ಮೇಲೆ ಹಾಕಿ ಸ್ಟಿಕ್. ಕೊಡವ ಮನೆತನಗಳ ನಡುವಿನ ಕೌಟುಂಬಿಕ ಹಾಕಿ ಪಂದ್ಯಾವಳಿ 1997ರಲ್ಲಿ ಕೊಡಗಿನ ಕರಡ ಗ್ರಾಮದಲ್ಲಿ ಶುರುವಾಯಿತು. ಆತಿಥ್ಯ ವಹಿಸುವ ಮನೆತನ ಬದಲಾಗುತ್ತಾ ಹೋಗುತ್ತದೆ, ಲಾಂಛನವೂ ಬದಲಾಗುತ್ತದೆ. ಹಳೆಯದನ್ನು ಕೀಳುವ ರಗಳೆ ಬೇಡ ಅಂತ ಒಂದರ ಮೇಲೊಂದು ಅಂಟಿಸಿಕೊಂಡು ಬಂದವರೂ ಇದ್ದಾರೆ.

ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರ ಪಾಡು ಬೇರೆ. ಬೇರೊಬ್ಬರ ಮನೆತನದ ಹೆಸರು ಹೊತ್ತುಕೊಂಡು ತಿರುಗಬೇಕು. ಗೋಣಿಕೊಪ್ಪ ಪೇಟೆಯಲ್ಲಿ ಯಾರೋ ಕೈ ಬೀಸುತ್ತಾರೆ, ಹತ್ತಿರ ಬಂದು ಮುಖ ನೋಡಿ ಪೆಚ್ಚಾಗುತ್ತಾರೆ. ಹೀಗೆ ಎರಡು ಮೂರು ಸಲ ಆದ ಮೇಲೆ ಸ್ಟಿಕ್ಕರ್ ತೆಗೆಯಲೇಬೇಕು ಅನ್ನಿಸುತ್ತದೆ. ಆಗ ಉಗುರು ಹಾಕುತ್ತೇವೆ. ಉಗುರು ಸೋತರೆ ಬ್ಲೇಡು. ಬ್ಲೇಡೂ ಸೋತರೆ ಪಕ್ಕದ ಗ್ಯಾರೇಜಿನವರು 'ಅಣ್ಣಾ, ಸ್ವಲ್ಪ ಥಿನ್ನರ್ ಹಾಕಿ ಉಜ್ಜಿಬಿಡಿ' ಅನ್ನುತ್ತಾರೆ. ಬಣ್ಣ ಹೋಗುವುದು ಅಲ್ಲೇ.

ಒಂದು ವಿಷಯ ತಲೆಯಲ್ಲಿಟ್ಟುಕೊಂಡರೆ ಅರ್ಧ ಕೆಲಸ ಆದ ಹಾಗೆ. ಸ್ಟಿಕ್ಕರ್ ಕೀಳುವುದು ಒಂದು ಕೆಲಸ, ಅದರ ಅಂಟು ತೆಗೆಯುವುದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ಬಿಸಿ ಬೇಕು. ಎರಡನೆಯದಕ್ಕೆ ಎಣ್ಣೆ ಮತ್ತು ತಾಳ್ಮೆ ಬೇಕು. ಎರಡನ್ನೂ ಒಂದೇ ಏಟಿಗೆ ಮುಗಿಸಲು ಹೋದವರೇ ಬಣ್ಣ ಕೆರೆದುಕೊಳ್ಳುವುದು.

ಮೊದಲು ಬಣ್ಣ ಯಾವುದು ಅಂತ ನೋಡಿ

ಕಂಪನಿಯಿಂದ ಬರುವ ಕಾರಿನ ಬಣ್ಣ ಒಂದೇ ಪದರ ಅಲ್ಲ. ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಹೊಳಪಿನ ಕ್ಲಿಯರ್ ಕೋಟ್. ಇಷ್ಟೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ (ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್). ಅದರಲ್ಲಿ ಕ್ಲಿಯರ್ ಕೋಟ್ ಪಾಲು ಸುಮಾರು 35ರಿಂದ 50. ನಮ್ಮ ತಲೆಗೂದಲೇ ಹೆಚ್ಚುಕಡಿಮೆ 70 ಮೈಕ್ರಾನ್ ಇರುತ್ತದೆ. ಅಂದರೆ ನಾವು ಉಜ್ಜಲು ಹೊರಟಿರುವುದು ಕೂದಲಿಗಿಂತ ತೆಳುವಾದ ಪದರವನ್ನು. ಬ್ಲೇಡ್ ಯಾಕೆ ಬೇಡ ಅಂತ ಇದಕ್ಕಿಂತ ಜಾಸ್ತಿ ವಿವರಿಸಬೇಕಿಲ್ಲ ಅಲ್ವಾ?

ಈ ಕಂಪನಿ ಬಣ್ಣ ಒಲೆಯಲ್ಲಿ ಬೆಂದು ಗಟ್ಟಿಯಾಗಿರುತ್ತದೆ. ಸ್ವಲ್ಪ ಬಿಸಿ, ಸ್ವಲ್ಪ ಸ್ಪಿರಿಟ್ ತಡೆದುಕೊಳ್ಳುತ್ತದೆ. ಊರಿನ ಗ್ಯಾರೇಜಿನಲ್ಲಿ ಹೊಡೆಸಿದ ಬಣ್ಣದ ವಿಷಯ ಹಾಗಲ್ಲ. ತೋಟದೊಳಗೆ ಓಡಾಡುವ ಹಳೇ ಜೀಪುಗಳು ಒಂದೆರಡು ಸಲವಾದರೂ ಬಣ್ಣ ಬದಲಿಸಿರುತ್ತವೆ. ಕೆಲವಕ್ಕೆ ಕ್ಲಿಯರ್ ಕೋಟ್ ಇರುವುದೇ ಇಲ್ಲ. ಇನ್ನು ಕೆಲವದಕ್ಕೆ ಒಳಗಡೆ ಪುಟ್ಟಿ ತುಂಬಿರುತ್ತದೆ. ಅಂಥ ಕಡೆ ಸ್ಟಿಕ್ಕರ್ ಎಳೆದರೆ ಅದರ ಜೊತೆ ಬಣ್ಣವೂ ಸಿಪ್ಪೆ ಎದ್ದು ಬರಬಹುದು.

ಕಂಡುಹಿಡಿಯುವುದು ಕಷ್ಟವಲ್ಲ. ಬಾಗಿಲು ತೆರೆದು ರಬ್ಬರ್ ಬೀಡಿಂಗ್ ಅಂಚು ನೋಡಿ. ಅಲ್ಲಿ ಬಣ್ಣದ ಸಿಂಪಡಿಕೆ ತಾಗಿದ್ದರೆ ಮತ್ತೆ ಪೇಂಟ್ ಆಗಿದೆ ಅಂತ ಅರ್ಥ. ಅಕ್ಕಪಕ್ಕದ ಎರಡು ಭಾಗಗಳನ್ನು ಬೆಳಕಿಗೆ ಓರೆಯಾಗಿ ನೋಡಿ. ಒಂದು ನಯವಾಗಿದ್ದು, ಇನ್ನೊಂದು ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗಿ ಕಂಡರೆ ಅನುಮಾನಪಡಿ. ಕೊನೆಗೆ, ಬಾಗಿಲಿನ ಒಳ ಅಂಚಿನಂಥ ಕಾಣದ ಜಾಗದಲ್ಲಿ ನೀವು ಬಳಸಲಿರುವ ದ್ರವವನ್ನು ಬಿಳಿ ಬಟ್ಟೆಯಲ್ಲಿ ಅದ್ದಿ ಮೆಲ್ಲಗೆ ಒರೆಸಿ. ಬಟ್ಟೆಗೆ ಗಾಡಿಯ ಬಣ್ಣ ಬಂತೋ, ಆ ದ್ರವವನ್ನು ಅಲ್ಲಿಗೇ ಬಿಡಿ. ಅಂಥ ಬಣ್ಣಕ್ಕೆ ಬರೀ ಕೊಬ್ಬರಿ ಎಣ್ಣೆ, ಉಗುರುಬೆಚ್ಚಗಿನ ನೀರು ಮತ್ತು ತಾಳ್ಮೆ.

ಕಾಲ ನೋಡಿ ಕೈ ಹಾಕಿ

ಮಡಿಕೇರಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 1,170 ಮೀಟರ್ ಎತ್ತರದಲ್ಲಿ. ಡಿಸೆಂಬರ್ ಬೆಳಿಗ್ಗೆ ಗಾಡಿಯ ತಗಡು ಮುಟ್ಟಿ ನೋಡಿದ್ದೀರಾ? ಆ ಚಳಿಯಲ್ಲಿ ಸ್ಟಿಕ್ಕರ್ ಗಡುಸಾಗಿರುತ್ತದೆ. ಎಳೆದರೆ ಚೂರು ಚೂರಾಗುತ್ತದೆ, ಅಂಟೆಲ್ಲ ಬಣ್ಣದ ಮೇಲೇ ಉಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಹೋಗಲೇಬೇಡಿ. ಶೆಡ್ಡಿನೊಳಗೆ ಮಾಡಬಹುದು ನಿಜ. ಆದರೆ ಒದ್ದೆ ಒಣಗುವುದಿಲ್ಲ, ಕರೆಂಟು ನಂಬುವ ಹಾಗಿಲ್ಲ, ಕೊನೆಗೆ ವ್ಯಾಕ್ಸ್ ಹಚ್ಚಲೂ ಆಗುವುದಿಲ್ಲ.

ಒಳ್ಳೆಯ ಸಮಯ ಫೆಬ್ರವರಿಯಿಂದ ಏಪ್ರಿಲ್. ಕಾಫಿ ಕೊಯ್ಲು ಮುಗಿದಿದ್ದರೆ ಕಾಫಿ ಒಣಗಿಸುವ ಕಣವೂ ಖಾಲಿಯಾಗಿರುತ್ತದೆ. ಬಿಸಿಲು ಚೆನ್ನಾಗಿ ಬೀಳುವ, ಸಮತಟ್ಟಾದ, ಮಣ್ಣು ಏಳದ ಜಾಗ ತೋಟದ ಮನೆಯಲ್ಲಿ ಅದಕ್ಕಿಂತ ಬೇರೆ ಇಲ್ಲ. ಕಣ ಇಲ್ಲದವರು ಮನೆ ಮುಂದಿನ ಅಂಗಳದಲ್ಲೇ ಬೆಳಗಿನ ಹತ್ತು ಗಂಟೆ ಬಿಸಿಲಿಗೆ ಗಾಡಿ ನಿಲ್ಲಿಸಿ. ಕುಶಾಲನಗರದ ಕಡೆಯವರಿಗೆ ಇಷ್ಟೆಲ್ಲ ಲೆಕ್ಕಾಚಾರ ಬೇಡ. ಅಲ್ಲಿ ಬಿಸಿಲು ಧಾರಾಳ.

ಬಿಸಿಲು ಬೇಕಿರುವುದು ಸ್ಟಿಕ್ಕರ್ ಕೀಳಲು ಮಾತ್ರ. ಅಂಟು ತೆಗೆಯುವ ಹೊತ್ತಿಗೆ ಗಾಡಿ ನೆರಳಿಗೆ ಬರಬೇಕು. ಬಿಸಿ ತಗಡಿನ ಮೇಲೆ ಸ್ಪಿರಿಟ್ ಹಾಕಿದರೆ ಅಂಟಿಗೆ ಇಳಿಯುವ ಮೊದಲೇ ಆರಿಹೋಗುತ್ತದೆ, ಕಲೆಯೂ ಆಗಬಹುದು.

ಏನೇನು ಬೇಕು

ಒಂದು ಹೇರ್ ಡ್ರೈಯರ್. ಹಳೇ ಎಟಿಎಂ ಕಾರ್ಡ್ ಅಥವಾ ಪ್ಲಾಸ್ಟಿಕ್ ಸ್ಕ್ರೇಪರ್. ನಾಲ್ಕೈದು ಮೈಕ್ರೋಫೈಬರ್ ಬಟ್ಟೆ. ಕಾರ್ ಶಾಂಪೂ, ಎರಡು ಬಕೆಟ್ ನೀರು. ಕೊಬ್ಬರಿ ಎಣ್ಣೆ. ಐಸೊಪ್ರೊಪೈಲ್ ಆಲ್ಕೋಹಾಲ್ (ಇಲ್ಲಿ ಸ್ಪಿರಿಟ್ ಅಂದಿರುವುದು ಇದನ್ನೇ). ಗ್ಯಾರೇಜುಗಳಲ್ಲಿ ಇರುವ ಡಬ್ಲ್ಯೂಡಿ-40 ಸ್ಪ್ರೇ ಸಿಕ್ಕರೆ ಒಳ್ಳೆಯದು. ಹಳೇ ಅಂಟಿಗೆ ಸ್ವಲ್ಪ ಮಿನರಲ್ ಟರ್ಪಂಟೈನ್ ಬೇಕಾಗಬಹುದು, ಪೇಂಟ್ ಅಂಗಡಿಯಲ್ಲಿ ಸಿಗುತ್ತದೆ. ಹಿಂದೆ ಈ ಕೆಲಸಕ್ಕೆ ಸೀಮೆಎಣ್ಣೆ ಬಳಸುತ್ತಿದ್ದರು. ಈಗ ಸೀಮೆಎಣ್ಣೆ ಹುಡುಕುವುದೇ ದೊಡ್ಡ ಕೆಲಸ.

ಬೇಡವಾದವುಗಳ ಪಟ್ಟಿ ಇನ್ನೂ ಮುಖ್ಯ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್, ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್, ಪೆಟ್ರೋಲ್, ಪಾತ್ರೆ ತಿಕ್ಕುವ ಸ್ಟೀಲ್ ನಾರು, ಹಸಿರು ಸ್ಕ್ರಬ್ಬರ್, ಚಾಕು. ಥಿನ್ನರ್ ಮತ್ತು ಅಸಿಟೋನ್ ಮರುಪೇಂಟ್ ಮಾಡಿದ ಬಣ್ಣವನ್ನು ಕರಗಿಸಿಬಿಡುತ್ತವೆ. ಪೆಟ್ರೋಲ್ ಬೆಂಕಿಗೆ ಆಹ್ವಾನ. ಪಕ್ಕದಲ್ಲೇ ಹೇರ್ ಡ್ರೈಯರ್ ಇರುತ್ತದೆ, ನೆನಪಿರಲಿ. ಪೇಂಟರುಗಳ ಹೀಟ್ ಗನ್ ಕೂಡ ಬೇಡ. ಅದರ ಗಾಳಿ ನೂರಾರು ಡಿಗ್ರಿ ಬಿಸಿ ಇರುತ್ತದೆ. ಎರಡು ನಿಮಿಷ ಮೈಮರೆತರೆ ಬಣ್ಣ ಗುಳ್ಳೆ ಏಳುತ್ತದೆ.

ವಿನೆಗರ್ ಹಚ್ಚಿದರೆ ಅಂಟು ಬಿಡುತ್ತದೆ ಅಂತ ಎಲ್ಲೋ ಕೇಳಿ, ಅಡುಗೆಮನೆಯ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಬಾಟಲಿಗೆ ಕೈ ಹಾಕಬೇಡಿ. ಹುಳಿಯೂ ಜಾಸ್ತಿ, ಕಪ್ಪು ಕಲೆಯೂ ಗ್ಯಾರಂಟಿ. ಅದರ ಜಾಗ ಪಂದಿ ಕರಿಯಲ್ಲಿ.

ಹಂತ 1: ತೊಳೆಯುವುದು

ಇದನ್ನು ಬಿಟ್ಟು ಮುಂದೆ ಹೋಗುವವರೇ ಜಾಸ್ತಿ. ನಮ್ಮ ಕಡೆ ಗಾಡಿಗಳಿಗೆ ಕೆಂಪು ಮಣ್ಣು ಮೆತ್ತಿರುತ್ತದೆ. ಮಳೆಗಾಲ ಕಳೆದ ಮೇಲೆ ಸ್ಟಿಕ್ಕರ್ ಅಂಚಿನ ಸುತ್ತ ಹಸಿರು ಪಾಚಿಯ ಗೆರೆಯೂ ಕಾಣುತ್ತದೆ, ಮರದಡಿ ನಿಲ್ಲುವ ಗಾಡಿಯಾದರೆ ಇನ್ನೂ ದಪ್ಪಗೆ. ಆ ಮಣ್ಣಿನಲ್ಲಿ ಸಣ್ಣ ಮರಳಿನ ಕಣಗಳಿರುತ್ತವೆ. ಒರೆಸುವಾಗ ಗೀರು ಎಳೆಯುವುದು ಅವೇ. ಸ್ಟಿಕ್ಕರಿನ ಸುತ್ತ ಒಂದು ಅಡಿ ಜಾಗವನ್ನು ಶಾಂಪೂ ನೀರಿನಲ್ಲಿ ತೊಳೆಯಿರಿ, ಅಂಚಿನ ಪಾಚಿಯನ್ನು ಮೆತ್ತನೆಯ ಹಳೇ ಹಲ್ಲುಜ್ಜುವ ಬ್ರಶ್‌ನಿಂದ ಬಿಡಿಸಿ. ಒಣಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ. ಉಜ್ಜಬೇಡಿ.

ಹಂತ 2: ಬಿಸಿ ಮಾಡುವುದು

ಬಿಸಿಲಿನಲ್ಲಿ ಅರ್ಧ ಗಂಟೆ ನಿಂತ ಗಾಡಿಗೆ ಅರ್ಧ ಬಿಸಿ ಆಗಲೇ ಸಿಕ್ಕಿರುತ್ತದೆ. ಉಳಿದದ್ದಕ್ಕೆ ಹೇರ್ ಡ್ರೈಯರ್. ನಾಲ್ಕೈದು ಇಂಚು ದೂರದಲ್ಲಿ ಹಿಡಿದು, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಇರಿ. ಅರ್ಧ ನಿಮಿಷದಿಂದ ಒಂದು ನಿಮಿಷ ಸಾಕು. ಸ್ಟಿಕ್ಕರ್ ಪಕ್ಕದ ಬಣ್ಣದ ಮೇಲೆ ಅಂಗೈ ಇಟ್ಟು ನೋಡಿ. ಚೆನ್ನಾಗಿ ಬಿಸಿ ತಾಗಬೇಕು, ಕೈ ಹಿಂದೆ ತೆಗೆಯುವಷ್ಟು ಸುಡಬಾರದು. ಥರ್ಮಾಮೀಟರ್ ಏನೂ ಬೇಕಿಲ್ಲ.

ಕರೆಂಟ್ ಇಲ್ಲವಾ? ಬಚ್ಚಲಿನ ಹಂಡೆಯಲ್ಲಿ ಬಿಸಿನೀರು ಇದ್ದೇ ಇರುತ್ತದಲ್ಲ. ದಪ್ಪ ಟವಲ್ ಅದ್ದಿ, ಹಿಂಡಿ, ಸ್ಟಿಕ್ಕರಿನ ಮೇಲೆ ಎರಡು ಮೂರು ನಿಮಿಷ ಒತ್ತಿ ಹಿಡಿಯಿರಿ. ತಣಿದ ಕೂಡಲೇ ಮತ್ತೆ ಅದ್ದಿ. ನಿಧಾನ, ಆದರೆ ಬಣ್ಣಕ್ಕೆ ಇದಕ್ಕಿಂತ ಸುರಕ್ಷಿತ ಬಿಸಿ ಇಲ್ಲ. ಹಳೇ ಪೇಂಟಿನ ಜೀಪಿಗೆ ನಾನು ಹೇರ್ ಡ್ರೈಯರ್‌ಗಿಂತ ಇದನ್ನೇ ಇಷ್ಟಪಡುತ್ತೇನೆ. ತಣ್ಣಗಿರುವ ಗಾಜಿನ ಮೇಲೆ ಮಾತ್ರ ಬಿಸಿನೀರು ಸುರಿಯಬೇಡಿ, ಬಿರುಕು ಬಿಡಬಹುದು.

ಹಂತ 3: ಕೀಳುವುದು

ಬಿಸಿಯಾದ ಮೇಲೆ ಒಂದು ಮೂಲೆಯನ್ನು ಉಗುರಿನಿಂದ ಎಬ್ಬಿಸಿ. ಏಳದಿದ್ದರೆ ಪ್ಲಾಸ್ಟಿಕ್ ಕಾರ್ಡನ್ನು ಬಟ್ಟೆಯಲ್ಲಿ ಸುತ್ತಿ ಮೆಲ್ಲಗೆ ನೂಕಿ. ಮೂಲೆ ಎದ್ದ ಮೇಲೆ ಸ್ಟಿಕ್ಕರನ್ನು ನಿಮ್ಮ ಕಡೆಗೆ ನೇರವಾಗಿ ಎಳೆಯಬೇಡಿ. ಅದನ್ನು ಹಿಂದಕ್ಕೆ ಮಡಚಿ, ಬಣ್ಣದ ಮೈಗೆ ಹತ್ತಿರವಾಗಿಯೇ ಇಟ್ಟು ಎಳೆಯಿರಿ. ನೇರ ಎಳೆದರೆ ಬಲವೆಲ್ಲ ಬಣ್ಣವನ್ನು ಮೇಲಕ್ಕೆ ಎತ್ತುತ್ತದೆ. ಮಡಚಿ ಎಳೆದರೆ ಅಂಟು ಬಿಡುವ ಗೆರೆಯಲ್ಲಿ ಮಾತ್ರ ಬಲ ಬೀಳುತ್ತದೆ.

ವೇಗ ಎಷ್ಟಿರಬೇಕು? ಬೇಸರ ಬರುವಷ್ಟು ನಿಧಾನ. ಎಳೆಯುವಾಗ ಅಂಟು ಸ್ಟಿಕ್ಕರಿನ ಜೊತೆಗೇ ಬರುತ್ತಿದ್ದರೆ ನೀವು ಸರಿಯಾಗಿದ್ದೀರಿ. ಅಂಟು ಬಣ್ಣದ ಮೇಲೆ ಉಳಿಯಲು ಶುರುವಾದರೆ ನಿಲ್ಲಿಸಿ, ಮತ್ತೆ ಬಿಸಿ ಮಾಡಿ. ಒಂದು ಕೈಯಲ್ಲಿ ಡ್ರೈಯರ್, ಇನ್ನೊಂದು ಕೈಯಲ್ಲಿ ಸ್ಟಿಕ್ಕರ್ ಹಿಡಿದು ಮಾಡುವವರು ಇದ್ದಾರೆ. ಮನೆಯಲ್ಲಿ ಇನ್ನೊಬ್ಬರು ಡ್ರೈಯರ್ ಹಿಡಿದರೆ ಇನ್ನೂ ಸುಲಭ.

ಎಲ್ಲ ಸ್ಟಿಕ್ಕರ್ ಒಂದೇ ರೀತಿ ಬರುವುದಿಲ್ಲ. ಎರಡು ಮೂರು ವರ್ಷದ ಮಾಮೂಲಿ ವಿನೈಲ್ (ಪ್ಲಾಸ್ಟಿಕ್) ಸ್ಟಿಕ್ಕರ್ ಒಂದೇ ಹಾಳೆಯಾಗಿ ಎದ್ದು ಬರುತ್ತದೆ. ತುಂಬ ಹಳೆಯದಾದರೆ ಅದನ್ನು ಮೆತ್ತಗೆ ಇಡುವ ಅಂಶ ಬಿಸಿಲಿಗೆ ಹೋಗಿಬಿಟ್ಟಿರುತ್ತದೆ, ಬಿರುಕುಬಿರುಕಾಗಿರುತ್ತದೆ. ರಾತ್ರಿ ಲೈಟಿಗೆ ಹೊಳೆಯುವ ರೇಡಿಯಂ ಅಂತೂ ಹಪ್ಪಳದ ಹಾಗೆ ಮುರಿಯುತ್ತದೆ. ಮೇಲಿನ ಹೊಳೆಯುವ ಪದರ ಒಂದು ಕಡೆ, ಕೆಳಗಿನ ಬೂದು ಪದರ ಇನ್ನೊಂದು ಕಡೆ. ಅದಕ್ಕೆ ಸಣ್ಣ ಸಣ್ಣ ಜಾಗ ಬಿಸಿ ಮಾಡಿ, ಪ್ಲಾಸ್ಟಿಕ್ ಕಾರ್ಡಿನಿಂದ ತುಂಡು ತುಂಡಾಗಿ ತೆಗೆಯುವುದೇ ದಾರಿ. ಒಂದಿಡೀ ಮಧ್ಯಾಹ್ನ ಹೋಗುತ್ತದೆ ಅಂತ ತಿಳಿದುಕೊಂಡೇ ಕೂರಿ.

ಕಾಗದದ ಸ್ಟಿಕ್ಕರ್ ಆದರೆ ಬಿಸಿ ಬೇಡ. ಸೋಪು ನೀರಿನಲ್ಲಿ ನೆನೆಸಿದ ಬಟ್ಟೆಯನ್ನು ಹತ್ತು ಹದಿನೈದು ನಿಮಿಷ ಮೇಲೆ ಅಂಟಿಸಿಡಿ, ಕಾಗದ ತಾನೇ ಮುದ್ದೆಯಾಗುತ್ತದೆ. ಚುನಾವಣೆ ಸಮಯದ ಸ್ಟಿಕ್ಕರ್‌ಗಳು ಸಾಮಾನ್ಯವಾಗಿ ಅಗ್ಗದ ಮಾಲು. ಕೀಳುವುದು ಸುಲಭ, ಅಂಟು ಬಿಡಿಸುವುದು ಮಾತ್ರ ಕಷ್ಟ.

ಒಂದರ ಮೇಲೊಂದು ಅಂಟಿಸಿದ್ದರೆ ಮೇಲಿನದನ್ನು ಮೊದಲು ತೆಗೆಯಲು ಹೋಗಬೇಡಿ. ಎಲ್ಲಕ್ಕಿಂತ ಕೆಳಗಿನದರ ಮೂಲೆ ಹುಡುಕಿ, ಅಲ್ಲಿಂದ ಎಬ್ಬಿಸಿ. ಬಿಸಿ ಸರಿಯಾಗಿ ಇಳಿದಿದ್ದರೆ ಎಲ್ಲವೂ ಒಟ್ಟಿಗೆ ಬರುತ್ತವೆ. ದಪ್ಪ ಜಾಸ್ತಿ ಇದ್ದಷ್ಟು ಹರಿಯುವುದು ಕಡಿಮೆ.

ಎಳೆಯುವಾಗ ಸ್ಟಿಕ್ಕರಿನ ಬೆನ್ನ ಮೇಲೆ ಗಾಡಿಯ ಬಣ್ಣ ಕಂಡಿತೋ, ಅಲ್ಲೇ ನಿಲ್ಲಿಸಿ. ಅದು ಮರುಪೇಂಟ್ ಮಾಡಿದ ಜಾಗ, ಕೆಳಗೆ ಹಿಡಿತವಿಲ್ಲ. ಎದ್ದ ಭಾಗವನ್ನು ಕತ್ತರಿಯಲ್ಲಿ ಕತ್ತರಿಸಿ, ಉಳಿದದ್ದನ್ನು ಪೇಂಟರ್‌ಗೆ ತೋರಿಸಿ.

ಹಂತ 4: ಅಂಟು ತೆಗೆಯುವುದು

ಈಗ ಗಾಡಿ ನೆರಳಿಗೆ. ತಗಡು ತಣಿಯಲಿ. ಡ್ರೈಯರ್ ಆರಿಸಿ, ಪ್ಲಗ್ ತೆಗೆದು ದೂರ ಇಡಿ. ಇನ್ನು ಮುಂದೆ ಕೈಯಲ್ಲಿರುವುದೆಲ್ಲ ಬೆಂಕಿ ಹಿಡಿಯುವ ವಸ್ತುಗಳೇ. ಬೀಡಿ ಸಿಗರೇಟು ಕೂಡ ದೂರ.

ಮೆತ್ತಗಿನದರಿಂದ ಶುರು ಮಾಡಿ ಗಡುಸಿನ ಕಡೆಗೆ ಹೋಗಬೇಕು. ಮೊದಲು ಕೊಬ್ಬರಿ ಎಣ್ಣೆ. ಬಟ್ಟೆಯಲ್ಲಿ ಧಾರಾಳವಾಗಿ ಹಚ್ಚಿ, ಹದಿನೈದು ನಿಮಿಷ ಸುಮ್ನೆ ಬಿಡಿ. ಕಾಫಿ ಕುಡಿದು ಬನ್ನಿ. ಎಣ್ಣೆ ಅಂಟಿನೊಳಗೆ ಇಳಿದು ಅದರ ಹಿಡಿತ ಸಡಿಲ ಮಾಡುತ್ತದೆ. ಆಮೇಲೆ ಹೆಬ್ಬೆರಳಿನಿಂದ ತಳ್ಳಿದರೆ ಅಂಟು ಸಣ್ಣ ಉಂಡೆಗಳಾಗಿ ಉರುಳಿ ಬರುತ್ತದೆ. ಚಳಿಗಾಲದಲ್ಲಿ ಎಣ್ಣೆ ಹೆಪ್ಪುಗಟ್ಟಿದ್ದರೆ ಬಾಟಲಿಯನ್ನು ಬಿಸಿನೀರಲ್ಲಿ ಇಟ್ಟು ಕರಗಿಸಿಕೊಳ್ಳಿ.

ಎಣ್ಣೆಗೆ ಬಗ್ಗದಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್. ಮೊದಲು ಎಣ್ಣೆಯನ್ನು ಪೂರ್ತಿ ಒರೆಸಿ. ಬಟ್ಟೆಗೆ ಸ್ಪಿರಿಟ್ ಹಾಕಿ, ಅಂಟಿನ ಮೇಲೆ ಅರ್ಧ ನಿಮಿಷ ಇಟ್ಟು, ಒಂದೇ ದಿಕ್ಕಿನಲ್ಲಿ ಒರೆಸಿ. ಗಾಡಿಯ ಮೇಲೆ ನೇರವಾಗಿ ಸುರಿಯಬೇಡಿ. ಒಳ್ಳೆಯ ವಿನೈಲ್‌ನ ಅಂಟು ಸಾಮಾನ್ಯವಾಗಿ ಅಕ್ರಿಲಿಕ್. ಅದು ಆಲ್ಕೋಹಾಲಿಗೆ ಮೆತ್ತಗಾಗುತ್ತದೆ. ಅಗ್ಗದ ಸ್ಟಿಕ್ಕರಿನ ರಬ್ಬರ್ ಅಂಟಿಗೆ ಅದು ನಾಟುವುದಿಲ್ಲ. ಅದಕ್ಕೆ ಡಬ್ಲ್ಯೂಡಿ-40 ಅಥವಾ ಟರ್ಪಂಟೈನ್ ಬೇಕು. ಅದಕ್ಕೇ ಒಬ್ಬರಿಗೆ ಕೆಲಸ ಮಾಡಿದ ಉಪಾಯ ಇನ್ನೊಬ್ಬರಿಗೆ ಕೆಲಸ ಮಾಡುವುದಿಲ್ಲ. ಉಪಾಯ ತಪ್ಪಲ್ಲ, ಅಂಟು ಬೇರೆ.

ಮೆಡಿಕಲ್ ಶಾಪಿನ ನೀಲಗಿರಿ ಎಣ್ಣೆ ಕೂಡ ಅಂಟು ಕರಗಿಸುತ್ತದೆ. ಆದರೆ ಅದು ಸ್ವಲ್ಪ ಜೋರು, ಪ್ಲಾಸ್ಟಿಕ್ ಮೇಲೆ ಬೇಡ. ಸ್ಯಾನಿಟೈಸರ್ ಜೆಲ್ ಬಳಸುವವರಿದ್ದಾರೆ. ಅದರಲ್ಲಿ ಬಣ್ಣ, ಸೆಂಟು, ಅಂಟಂಟು ಏನೇನೋ ಇರುತ್ತದೆ. ಒಂದು ಅಂಟು ತೆಗೆಯಲು ಇನ್ನೊಂದು ಹಚ್ಚಿದ ಹಾಗೆ.

ಯಾವುದೇ ಆಗಲಿ, ಬಟ್ಟೆಯನ್ನು ಆಗಾಗ ತಿರುಗಿಸಿ ಶುದ್ಧ ಭಾಗ ಬಳಸಿ. ಅಂಟು ಹತ್ತಿದ ಭಾಗದಲ್ಲೇ ಉಜ್ಜುತ್ತಾ ಹೋದರೆ ಅಂಟು ಜಾಗ ಬದಲಾಯಿಸುತ್ತದೆ ಅಷ್ಟೇ. ಮುಗಿದ ಮೇಲೆ ಶಾಂಪೂ ನೀರಿನಲ್ಲಿ ತೊಳೆಯಲೇಬೇಕು. ಎಣ್ಣೆ ಉಳಿದರೆ ಧೂಳು ಹಿಡಿಯುತ್ತದೆ, ಟರ್ಪಂಟೈನ್ ಉಳಿದರೆ ಕಲೆ.

ಉದ್ದುದ್ದ ಪಟ್ಟಿಗಳ ಅಂಟಿಗೆ ಡ್ರಿಲ್ ಮಿಷನ್‌ಗೆ ಹಾಕುವ ರಬ್ಬರ್ ಚಕ್ರ ಬರುತ್ತದೆ. ಕೆಲಸ ಬೇಗ ಆಗುತ್ತದೆ. ಆದರೆ ಒಂದೇ ಕಡೆ ನಿಲ್ಲಿಸಿದರೆ ಉಜ್ಜಿದ ಬಿಸಿಗೇ ಕ್ಲಿಯರ್ ಕೋಟ್ ಸುಡುತ್ತದೆ. ಕಂಪನಿ ಪೇಂಟಿಗೆ ಮಾತ್ರ, ಅದೂ ಕೈ ಪಳಗಿದವರು ಮಾತ್ರ.

ಗಾಜು, ಪ್ಲಾಸ್ಟಿಕ್, ಲೋಹದ ಅಕ್ಷರ

ಮುಂದಿನ ಗಾಜಿನ ಹೊರಮೈಗೆ ಬ್ಲೇಡ್ ಬಳಸಬಹುದು. ಹೊಸ ಬ್ಲೇಡ್, ಹೋಲ್ಡರ್‌ನಲ್ಲಿ ಹಾಕಿದ್ದು. ಸೋಪು ನೀರು ಹಾಕಿ, ಬ್ಲೇಡನ್ನು ಗಾಜಿಗೆ ಸುಮಾರು 30 ಡಿಗ್ರಿ ಓರೆಯಾಗಿ ಹಿಡಿದು, ಮುಂದಕ್ಕೆ ಮಾತ್ರ ತಳ್ಳಿ. ಹಿಂದಕ್ಕೆ ಎಳೆಯಬೇಡಿ. ಹಿಂದಿನ ಗಾಜಿನ ಒಳಮೈಯಲ್ಲಿ ಮಂಜು ಬಿಡಿಸುವ ತೆಳು ಗೆರೆಗಳಿದ್ದರೆ ಅಲ್ಲಿ ಬ್ಲೇಡ್ ಹೆಸರೇ ಎತ್ತಬೇಡಿ. ಒಂದು ಗೆರೆ ಕತ್ತರಿಸಿದರೂ ಅದು ಬಿಸಿಯಾಗುವುದು ನಿಲ್ಲುತ್ತದೆ. ಮಡಿಕೇರಿಯ ಮಂಜಿನಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ಈಗಿನ ಗಾಡಿಗಳ ಹೆಡ್‌ಲೈಟಿನ ಮೈ ಸಾಮಾನ್ಯವಾಗಿ ಪಾಲಿಕಾರ್ಬನೇಟ್ ಪ್ಲಾಸ್ಟಿಕ್. ಬರೀ ಸೋಪು ನೀರು, ಕೊಬ್ಬರಿ ಎಣ್ಣೆ. ಬಂಪರ್‌ಗೂ ಬಿಸಿ ಕಡಿಮೆ ಇರಲಿ, ಪ್ಲಾಸ್ಟಿಕ್ ಬೇಗ ಮೆತ್ತಗಾಗುತ್ತದೆ. ಬಣ್ಣ ಇಲ್ಲದ ಕರಿ ಪ್ಲಾಸ್ಟಿಕ್ ಮೇಲೆ ಎಣ್ಣೆ ಹಾಕಿದರೆ ತೇಪೆಯಂತೆ ಕಾಣುತ್ತದೆ, ಅಲ್ಲಿ ಆಲ್ಕೋಹಾಲ್ ಒಳ್ಳೆಯದು.

ಲೋಹದ ಅಕ್ಷರ, ಲಾಂಛನಗಳು ಸಾಮಾನ್ಯವಾಗಿ ಫೋಮ್ ಟೇಪ್ ಮೇಲೆ ಕೂತಿರುತ್ತವೆ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಬಿಸಿ ಮಾಡಿ, ಮೀನು ಹಿಡಿಯುವ ದಾರ ಅಥವಾ ಹಲ್ಲು ಸ್ವಚ್ಛ ಮಾಡುವ ಫ್ಲಾಸ್ ದಾರವನ್ನು ಹಿಂದೆ ತೂರಿಸಿ, ಗರಗಸದ ಹಾಗೆ ಆ ಕಡೆ ಈ ಕಡೆ ಎಳೆಯಿರಿ. ಕೆಲವು ಲಾಂಛನಗಳಿಗೆ ಹಿಂದೆ ಗೂಟ ಇದ್ದು ತಗಡಿನ ತೂತಿನಲ್ಲಿ ಕೂತಿರುತ್ತವೆ. ದಾರ ಅಡ್ಡಕ್ಕೆ ಸಿಕ್ಕಿಕೊಂಡರೆ ಅದೇ ಕಾರಣ. ಆಗ ಬಲ ಹಾಕಬೇಡಿ, ತೆಗೆದರೆ ತೂತು ಉಳಿಯುತ್ತದೆ.

ಕೀಳಬಾರದ ಸ್ಟಿಕ್ಕರ್‌ಗಳೂ ಇವೆ. ಫಾಸ್ಟ್ಯಾಗ್ ಒಮ್ಮೆ ಎಬ್ಬಿಸಿದರೆ ಹಾಳಾಗುತ್ತದೆ, ಇನ್ನೊಂದು ಕಡೆ ಅಂಟಿಸಲು ಬರುವುದಿಲ್ಲ. ಹೊಸ ನಂಬರ್ ಪ್ಲೇಟಿನ ಜೊತೆ ಗಾಜಿಗೆ ಅಂಟಿಸಿದ ಬಣ್ಣದ ಸ್ಟಿಕ್ಕರ್ ಇದ್ದರೆ ಅದೂ ಇರಲಿ. ಸರಕು ಗಾಡಿಗಳ ಮುಂದಿನ ಬಿಳಿ, ಬದಿಯ ಹಳದಿ, ಹಿಂದಿನ ಕೆಂಪು ಹೊಳೆಯುವ ಪಟ್ಟಿ ಕಾನೂನಿನದು.

ಹಂತ 5: ನೆರಳು ಉಳಿದರೆ

ಎಲ್ಲ ತೆಗೆದು, ತೊಳೆದು, ದೂರ ನಿಂತು ನೋಡುತ್ತೀರಿ. ಹೆಸರು ಇನ್ನೂ ಓದಲು ಬರುತ್ತದೆ! ಇದು ಅಂಟಲ್ಲ. ಸುತ್ತಲಿನ ಬಣ್ಣ ವರ್ಷಗಟ್ಟಲೆ ಬಿಸಿಲಿಗೆ ಮಾಸಿದೆ, ಸ್ಟಿಕ್ಕರ್ ಅಡಿಯ ಬಣ್ಣ ಹೊಸದರಂತೆ ಉಳಿದಿದೆ. ಕೆಂಪು ಗಾಡಿಯಲ್ಲಿ ಇದು ಜಾಸ್ತಿ ಎದ್ದು ಕಾಣುತ್ತದೆ, ಬಿಳಿಯಲ್ಲಿ ಕಡಿಮೆ.

ಇಲ್ಲಿ ತಿಳಿಯಬೇಕಾದದ್ದು ಏನೆಂದರೆ, ಪಾಲಿಶ್ ಮಾಡಬೇಕಿರುವುದು ಸ್ಟಿಕ್ಕರ್ ಇದ್ದ ಜಾಗವನ್ನಲ್ಲ, ಅದರ ಸುತ್ತಲಿನ ಮಾಸಿದ ಜಾಗವನ್ನು. ನಯವಾದ ಪಾಲಿಶಿಂಗ್ ಕಾಂಪೌಂಡ್ ತೆಗೆದುಕೊಂಡು, ಒಂದು ಅಂಗೈ ಅಗಲದ ಜಾಗಕ್ಕೆ ಕಡಲೆಕಾಳಿನಷ್ಟು ಹಾಕಿ, ಕೈಯಿಂದಲೇ ಉಜ್ಜಿ. ಒರೆಸಿ ನೋಡಿ, ಮತ್ತೆ ಮಾಡಿ. ಕ್ಲಿಯರ್ ಕೋಟ್ ಇರುವ ಗಾಡಿಯಲ್ಲಿ ಬಟ್ಟೆಗೆ ಬಣ್ಣ ಬರಬಾರದು. ಬಂದರೆ ಕ್ಲಿಯರ್ ಕೋಟ್ ತೂತಾಗಿದೆ ಅಂತ ಅರ್ಥ, ಕೂಡಲೇ ನಿಲ್ಲಿಸಿ. ಕ್ಲಿಯರ್ ಕೋಟ್ ಇಲ್ಲದ ಹಳೇ ಪೇಂಟಿನಲ್ಲಿ ಸ್ವಲ್ಪ ಬಣ್ಣ ಬರುವುದು ಸಹಜ.

ಅಂಚಿನ ಗೆರೆ, ಹೊಳಪಿನ ವ್ಯತ್ಯಾಸ ಇದರಿಂದ ಬಹುಮಟ್ಟಿಗೆ ಹೋಗುತ್ತದೆ. ಬಣ್ಣವೇ ಆಳಕ್ಕೆ ಮಾಸಿದ್ದರೆ ಪೂರ್ತಿ ಹೋಗುವುದಿಲ್ಲ. ಆಗ ಆ ಭಾಗಕ್ಕೆ ಬಣ್ಣ ಹೊಡೆಸಬೇಕು, ಇಲ್ಲವೇ ಅದೇ ಅಳತೆಯ ಹೊಸ ಸ್ಟಿಕ್ಕರ್ ಅಂಟಿಸಿ ಮುಚ್ಚಬೇಕು. ಎರಡನೆಯದು ಸೋಲು ಅಂತ ನನಗೇನೂ ಅನ್ನಿಸುವುದಿಲ್ಲ. ನಿಮ್ಮ ಮನೆತನದ ಹೆಸರಿನ ಉದ್ದ ಸರಿಹೊಂದಿದರೆ ಸಾಕು.

ಹಂತ 6: ವ್ಯಾಕ್ಸ್

ಸ್ಪಿರಿಟ್, ಟರ್ಪಂಟೈನ್, ಕಾಂಪೌಂಡ್ ಎಲ್ಲ ಸೇರಿ ಆ ಜಾಗದಲ್ಲಿದ್ದ ಹಳೇ ವ್ಯಾಕ್ಸನ್ನು ತೆಗೆದುಬಿಟ್ಟಿರುತ್ತವೆ. ಒಣಗಿದ ಮೇಲೆ ತೆಳುವಾಗಿ ವ್ಯಾಕ್ಸ್ ಹಚ್ಚಿ, ಮಸುಕಾದ ಮೇಲೆ ಒರೆಸಿ. ಒಂದು ಕಡೆ ಮಾತ್ರ ಹಚ್ಚಿದರೆ ಬೇರೆಯಾಗಿ ಕಾಣುತ್ತದೆ, ಆ ಬಾಗಿಲು ಅಥವಾ ಬಾನೆಟ್ ಪೂರ್ತಿ ಹಚ್ಚಿ. ಹೊಸ ಸ್ಟಿಕ್ಕರ್ ಹಾಕಿಸುವವರು ವ್ಯಾಕ್ಸ್ ಹಚ್ಚುವ ಮೊದಲೇ ಹಾಕಿಸಿಕೊಳ್ಳಬೇಕು, ಆಮೇಲೆ ಅಂಟು ಹಿಡಿಯುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಎಲ್ಲೋ ಒಂದು ಚಿಕ್ಕ ಚೂರು ಬಣ್ಣ ಎದ್ದು ತಗಡು ಕಂಡರೆ, ಆಮೇಲೆ ನೋಡೋಣ ಅಂತ ಬಿಡಬೇಡಿ. ಅಲ್ಲಿಗೆ ವ್ಯಾಕ್ಸ್ ಹಚ್ಚದೆ ಆಲ್ಕೋಹಾಲಿನಿಂದ ಒರೆಸಿ, ಮೊದಲು ಪ್ರೈಮರ್, ಆಮೇಲೆ ಗಾಡಿಯ ಬಣ್ಣದ ಸಂಖ್ಯೆಗೆ ಹೊಂದುವ ಟಚ್ ಅಪ್ ಪೇಂಟ್ ಹಚ್ಚಿ. ಆ ಸಂಖ್ಯೆ ಸಾಮಾನ್ಯವಾಗಿ ಬಾಗಿಲಿನ ಕಂಬದ ಮೇಲೋ, ಬಾನೆಟ್ ಒಳಗೋ ಇರುವ ಫಲಕದಲ್ಲಿ ಇರುತ್ತದೆ. ಮಳೆ ಹಿಡಿಯುವ ಮೊದಲೇ ಇದು ಮುಗಿದಿರಬೇಕು, ಇಲ್ಲದಿದ್ದರೆ ಆಗಸ್ಟ್ ಹೊತ್ತಿಗೆ ಅಲ್ಲಿ ತುಕ್ಕು.